ತೆನಿಗೆ ಕಾಗದದ ಟೊಪ್ಪಿಗಿ

ಮಾಂಜರಿ ಫಾರ್ಮಿನ ಏಳನೇ ತಾಕಿನಾಗ
ಜ್ವಾಳದ ತೆನಿಗೆ ಕಾಗದದ ಟೊಪ್ಪಿಗಿ ಹಾಕೂದು ನನ್ನ ಕೆಲಸ.
ಒಂದರ ಹುಡಿ ಇನ್ನೊಂದಕ ಹತ್ತಬಾರದು, ಅಂತಾರ ಸಾಹೇಬ್ರು.
ಟೊಪ್ಪಿಗಿ ಮ್ಯಾಲ ನಂಬರು ಬರಿಯೂದು ಅಕಿ ಕೆಲಸ,
ಅಕಿರು, ಯುಗಾಂಡಾದಾಕಿ,
ಎಂ.ಎಸ್ಸಿ. ಎರಡನೇ ವರ್ಷ.

ಹೆಸರಿನ ಅರ್ಥ ಮಳಿ ಅಂತ.
ಮಳಿ ಸುರಿಯೂ ಹೊತ್ತಿಗೆ ಹುಟ್ಟಿದಾಕಿಗೆ ಹಂಗ ಕರೀತಾರಂತ.
ನಮ್ಮ ಇಂಡಿ ಕಡೆ ಆಗಿದ್ರ ಮಳಿಗೆ ಕಾಯ್ದು ಕಾಯ್ದು
ಯಾರೂ ಹುಟ್ಟತಿದ್ದಿಲ್ಲ ಬಿಡವ್ವಾ, ಅಂದೆ.
ನನ್ನ ಮುರುಕು ಹಿಂದಿಗೂ ನಕ್ಕಳು.

ಈ ಶನಿವಾರ ಅಕಿ ಊರಿನ ಹುಡುಗ್ರ ಮುಂದ
ಫೋನಿನಾಗ ಮಾತಾಡಬೇಕು:
ಒಕ್ಕಲುತನ ಯಾಕ ಮಾಡಬೇಕು, ಅಂತ.
ಮುಂಜಾನಿಂದ ಸಾಲಿನಿಂದ ಸಾಲಿಗೆ ಒದರಿ ಕಲಿಲಿಕ್ಕತ್ತಾಳ.
ಇಂಗ್ಲಿಷು ನನಗ ತಿಳಿಯೂದಿಲ್ಲ. ದನಿ ತಿಳೀತದ.
ಮಂತ್ರಿ ರಿಬ್ಬನ್ ಕತ್ತರಿಸೂ ದನಿ ಅದು.
ಹಿಂಗ ಹೇಳಿದ್ರ ಗಿಳಿ ಸೈತ ಏಳೂದಿಲ್ಲ, ಅಂದೆ.
ಬಾಜೂ ತಾಕಿನಾಗ ಗಿಳಿ ಕುಂತ ಇತ್ತು.

ಹಾಳಿ ಮಡಚಿ ಬದುವಿನ ಮ್ಯಾಲ ಕುಂತಳು.
ಸಾಲಿಗೆ ತಡಾ ಆದ್ರ ಅವರೂರಾಗ
ಮಾಸ್ತರ ಬಡೀತಿದ್ದಿಲ್ಲಂತ.
ಗುದ್ದಲಿ ಕೊಡತಿದ್ದನಂತ.
ಹತ್ತು ಹೆಜ್ಜಿ ಅಗಿ. ಗದ್ದಲ ಮಾಡಿದ್ರ ಇಪ್ಪತ್ತು.
ಲೆಕ್ಕ ತಪ್ಪಿದ್ರ, ಅಂಗಿ ಹರಿದಿದ್ರ, ಸುಳ್ಳ ಹೇಳಿದ್ರ
ಮಣ್ಣು, ಮಣ್ಣು, ಮಣ್ಣು.
"ಜೇಲಿನಾಗ ಕಲ್ಲು ಒಡದವರಿಗೆ
ಕಲ್ಲು ಚಂದ ಅಂತ ಹೆಂಗ ಹೇಳಲಿ, ಮಾವಶಿ?"

ನಾ ಏನೂ ಅನಲಿಲ್ಲ.
ನನ್ನ ಮಗಗ ನಾನೂ ಅಂದೀನಿ,
ಓದದಿದ್ರ ಎಮ್ಮಿ ಕಾಯ್ತಿ ನೋಡು, ಅಂತ.
ಎಮ್ಮಿ ಹಾಲು ಕುಡಿಸಿಕೋತ ಅಂದೀನಿ.

ಸಂಜಿಗೆ ಸೊಲ್ಲಾಪುರ ರಸ್ತೆಗುಂಟ ಕರಕೊಂಡು ಹ್ವಾದೆ,
ಋತುಜಾ ಕುಂಜೀರನ ಹೊಲಕ್ಕ.
ಇಪ್ಪತ್ತಾರರ ಹುಡುಗಿ, ಎರಡೂವರಿ ಎಕರೆ, ಹುರ್ಡಾದ ಹಂಗಾಮು.
ನಮ್ಮೂರಾಗ ಸೀತನಿ ಪುಕ್ಕಟೆ,
ಹಾದಿಗೆ ಹೋಗವರನ್ನೂ ಕರದು ಕೊಡತೀವಿ.
ಇಲ್ಲಿ ತಟ್ಟಿಗೆ ಇನ್ನೂರಾ ಐವತ್ತು, ಶೇಂಗಾ ಚಟ್ನಿ ಕೂಡ,
ಬದುವಿಗೆ ಕಾರು ಸಾಲುಗಟ್ಟಿ ನಿಂತಿದ್ದವು.
ಅಕಿರು ತಿನ್ನೂದು ಬಿಟ್ಟು ಕೇಳಲಿಕ್ಕೆ ಹತ್ತಿದಳು:
ಕಾಳಿಗೆ ಹಾಲು ತುಂಬಲಿಕ್ಕೆ ಎಷ್ಟು ದಿನ?
ಬಿತ್ತಗಿ ವಾರಕ್ಕೊಂದರಂಗ ಹಿಂದ ಮುಂದ ಮಾಡೀಯೇನು?
ಲುಕ್ಸಾನ ಆದ ವರ್ಷ?
ಋತುಜಾ ಮುಚ್ಚಿಡಲಿಲ್ಲ. ಎರಡನೇ ವರ್ಷ ಅಕಾಲಿ ಮಳಿ.
ಅಣ್ಣನ ಮೋಟರ್‌ಸೈಕಲ್ಲು ಮಾರಿದ್ದು.
ಅಣ್ಣ ಇನ್ನೂ ನೆಟ್ಟಗ ಮಾತಾಡೂದಿಲ್ಲಂತ.
ಅಕಿರು ಅದನ್ನೂ ಬರಕೊಂಡಳು.

ಕೆಂಡದಾಗ ಸುಟ್ಟ ತೆನಿ ಅಂಗೈಯಾಗ ತಿಕ್ಕಿ, ಊದಿ,
ಬಾಯಿಗೆ ಹಾಕ್ಕೊಂಡು ಸುಮ್ನಾದಳು.
"ನಮ್ಮಜ್ಜಿ ಹಿಂಗ," ಅಂದಳು. ಅಷ್ಟ.

ಜ್ವಾಳ ಅವರ ಕಡಿಂದ ಸಮುದ್ರ ದಾಟಿ ಬಂತಂತ,
ಸಾಹೇಬ್ರು ಕ್ಲಾಸಿನಾಗ ಹೇಳತಿರತಾರ.
ಯಾರು ತಂದರೋ, ಸೆರಗಿನಾಗ ಕಟಗೊಂಡೋ, ಕದ್ದೋ.
ಎಷ್ಟೋ ಕಾಲ ನಮ್ಮ ರೊಟ್ಟಿ ಆಗಿ ಉಬ್ಬಿತು.
ಈಗ ಅದಕ ನಂಬರು ಬರಿಲಿಕ್ಕೆ ಅಕಿ ಬಂದಾಳ.

ಶನಿವಾರ ಫೋನು ನಾನ ಹಿಡದಿದ್ದೆ.
ಪರದಿಯೊಳಗ ಮೂವತ್ತು ಮಂದಿ, ಒಂದ ಮಾವಿನ ಗಿಡದ ಬುಡಕ.
ಹಾಳಿ ತಗೀಲಿಲ್ಲ ಅಕಿ.
ಮದಲ ಗುದ್ದಲಿ ಎತ್ತಿ ತೋರಿಸಿದಳು.
ತಮ್ಮ ಮಾತಿನಾಗ ಏನೋ ಅಂದಳು,
ಹೋ ಅಂತ ನಕ್ಕರು ಎಲ್ಲಾರು,
ಒಬ್ಬ ತನ್ನ ಬೆನ್ನು ಮುಟ್ಟಿಕೊಂಡ.
ಆಮ್ಯಾಲ ರೊಕ್ಕದ ಮಾತು. ಎರಡೂವರಿ ಎಕರೆ, ಖರ್ಚು,
ತಟ್ಟಿಯ ದರ, ಮಾರಿದ ಮೋಟರ್‌ಸೈಕಲ್ಲು.
ಯಾರೂ ನಗಲಿಲ್ಲ.
ಹಿಂದ ಕುಂತ ಹುಡುಗಿ ಒಬ್ಬಾಕಿ
ಪೆನ್ನು ಹುಡುಕಲಿಕ್ಕೆ ಹತ್ತಿದಳು.
ಅಷ್ಟರಾಗ ನೆಟ್ ಹೋತು.

ಎಷ್ಟು ಮಂದಿ ಹೊಲಕ್ಕ ಇಳೀತಾರ ಹೇಳು? ಅಂದೆ.
"ಅಕಿಗೆ ಪೆನ್ನು ಸಿಕ್ಕಿತೋ ಇಲ್ಲೋ," ಅಂದಳು,
ಕರೀ ಪರದಿ ನೋಡಿಕೋತ.

ಬಾ ಮಳಿಯವ್ವಾ, ಇನ್ನೂ ನಾಕು ಸಾಲು ಉಳದಾವ.
ಹೂ ಬಿಚ್ಚೂದರೊಳಗ ಟೊಪ್ಪಿಗಿ ಹಾಕೂಣು.