ಭಂಡಾರ ಹಾರಿದ ಕಡೆ

ನಾಗರಗಾಳಿ ಡಿಪೋದಲ್ಲಿ ನಂಬರು ಹೊಡೆಸಿಕೊಂಡು
ಮಲಗಿದ ಸಾಗವಾನಿ ದಿಮ್ಮಿಗಳ ದಾಟಿ
ನಾವಿಬ್ಬರು ಕಾಡು ಹೊಕ್ಕಾಗ ಇನ್ನೂ ನಸುಕು.
ನನ್ನ ಕೈಲಿ ಇಲಾಖೆಯ ಫಾರಂ, ದಾರ ಕಟ್ಟಿದ ಪೆನ್ನು.
ಝಿಲು ಯಡಗೆಯ ಕೈಲಿ ಕೊಡಲಿ,
ಹೆಗಲಿಗೆ ಕಂಬಳಿ, ಮುಖಕ್ಕೆ ಒಂದೇ ಕಣ್ಣು.

ಹೋಳಿ ಮುಗಿದು ಎಂಟು ದಿನ.
ಕರಡಿ ಈ ಸಲ ಎಲ್ಲಿ ಬೀಡುಬಿಟ್ಟಿದೆ, ನೋಡಿ ಬರೆದುಕೊಡು
ಎಂದಿದ್ದರು ಫಾರೆಸ್ಟರು.
ನಾನು ಗವಿ, ಬಂಡೆಯ ಬಿರುಕು ಇಣುಕುತ್ತ ನಡೆದರೆ
ಝಿಲು ಗದರಿದ:
"ಕರಡಿ ಯಾಕ ಹುಡಕ್ತಿ? ಅದರ ಹಸಿವಿ ಹುಡುಕು."

ನೋಡಲು ಕಲಿತ ಮೇಲೆ ಹಸಿವು ಎಲ್ಲ ಕಡೆ ಇತ್ತು.
ಮತ್ತಿಯ ತೊಗಟೆಗೆ ಐದು ಗೀರು,
ಮೇಲೆ ಟೊಂಗೆಯಲ್ಲಿ ಜೇನು ಕಿತ್ತ ಮೇಣದ ಕಲೆ.
ಹುತ್ತದ ಬುಡಕ್ಕೆ ಮೊಳದುದ್ದ ತೂತು;
ಬಾಯಿಟ್ಟು ಊದಿ ಊದಿ ಹೀರಿದ್ದಕ್ಕೆ
ಬೀಸುಕಲ್ಲಿನ ಸುತ್ತ ಹಿಟ್ಟಿನಂತೆ ಮಣ್ಣು.
ಕಕ್ಕೆ ಬೀಜ ತುಂಬಿದ ಲದ್ದಿಯನ್ನು
ಝಿಲು ಕಡ್ಡಿಯಲ್ಲಿ ಕೆದರಿ, ಬಗ್ಗಿ ಮೂಸಿ
"ಇವತ್ತಿಂದು" ಎಂದ, ಹಾಲಿನ ತಾರೀಖು ಹೇಳಿದ ಹಾಗೆ.

ಕವಳಿ ಪೊದೆಯಲ್ಲಿ ಹೂ ಇನ್ನೂ ಬೆಳ್ಳಗೆ, ಕಾಯಿ ಸಾಸಿವೆಯಷ್ಟು.
"ಹಣ್ಣಾದ ಮ್ಯಾಲ ಅದೂ ಬರ್ತದ,
ಬುಟ್ಟಿ ಹಿಡಕೊಂಡು ನಮ್ಮ ಹೆಂಗಸರೂ ಬರ್ತಾರ.
ಇಬ್ಬರಿಗೂ ಒಂದ ಪೊದಿ."
ತನ್ನ ಕಣ್ಣು ಹೋದದ್ದು ಅಂಥದ್ದೇ ಪೊದೆಯಲ್ಲೆಂದು
ಅವನು ಹೇಳಲಿಲ್ಲ. ಊರಿಗೆಲ್ಲ ಗೊತ್ತು.

ನಾಚಣಿ ರೊಟ್ಟಿ ಬಿಚ್ಚಿ ಕೂತಾಗ ಅಪ್ಪನ ಮಾತು ಬಂತು.
ಲೈಸೆನ್ಸಿನ ಕಾಲ. ಬೆಳಗಾವಿಯಿಂದ ಜೀಪು,
ದೇಸಾಯರ ಅಳಿಯ, ಮಿಲ್ಲಿನ ಸಾಹುಕಾರ, ಬೂಟು, ಥರ್ಮಾಸು.
ಅವರು ಬರುವ ಮೊದಲು ಹದಿನೈದು ದಿನ ಒಬ್ಬನೇ ಅಲೆದು
ಹುತ್ತ, ನೀರು, ಜೇನು ಎಲ್ಲ ಲೆಕ್ಕವಿಟ್ಟು
ಸರಿಯಾದ ಜಾಗಕ್ಕೇ ಕರೆದೊಯ್ಯುತ್ತಿದ್ದನಂತೆ ಅಪ್ಪ.
ಸುಳ್ಳು ಅವನಿಗೆ ಬರುತ್ತಿರಲಿಲ್ಲ.
ಕಡೆಗೆ ಸೊಂಟದ ಚೀಲದಿಂದ ಚಿಟಿಕೆ ಭಂಡಾರ ತೆಗೆದು
ಖಂಡೋಬಾನ ಹೆಸರು ಹೇಳಿ ತೂರುತ್ತಿದ್ದ.
ಸಾಹುಕಾರರು ಟೊಪ್ಪಿಗೆ ತೆಗೆದು ಕೈಮುಗಿಯುತ್ತಿದ್ದರು.
ಅರಿಶಿನ ಎತ್ತ ಹಾರಿತೆಂದು ನೋಡಿ
ಗಾಳಿ ಅವರ ಬೆನ್ನಿಗೆ ಬರುವ ಹಾಗೆ ಕೂರಿಸುತ್ತಿದ್ದ.
ಕರಡಿಗೆ ಕಣ್ಣು ಮಂದ. ಮೂಗು ಮಾತ್ರ
ಸಿಗರೇಟು, ಬೂಟಿನ ಪಾಲಿಶು, ಬಂದೂಕಿನ ಎಣ್ಣೆ
ಎಲ್ಲವನ್ನೂ ಹರದಾರಿ ಮೊದಲೇ ಓದಿಕೊಳ್ಳುತ್ತದೆ.
ಹನ್ನೊಂದು ವರ್ಷ. ಒಂದು ಗುಂಡೂ ಹಾರಲಿಲ್ಲ.
ಭಕ್ಷೀಸು ಒಂದು ವರ್ಷವೂ ತಪ್ಪಲಿಲ್ಲ.

"ಆದರೂ ನಿನ್ನ ಕಣ್ಣು…" ಎಂದುಬಿಟ್ಟೆ, ಬಾಯಿ ತಪ್ಪಿ.
"ನಾ ಯಾರ ಮಗಾ ಅಂತ ಅದಕ್ಕೇನ ಗೊತ್ತು?"
ನಕ್ಕ. ಮುಖದ ಅರ್ಧ ಮಾತ್ರ ನಕ್ಕಿತು.

ಹಳ್ಳದ ಮರಳಲ್ಲಿ ಹೆಜ್ಜೆ, ಅಂಚು ಇನ್ನೂ ಕುಸಿದಿಲ್ಲ.
ಸಂಖ್ಯೆಯ ಕಾಲಮಿನಲ್ಲಿ ಒಂದು ಎಂದು ಬರೆದೆ.
ಝಿಲು ದಾರಿಗೆ ಬಾಗಿದ ಟೊಂಗೆ ತೋರಿಸಿದ:
ನನ್ನ ಸೊಂಟದೆತ್ತರಕ್ಕೆ ಸಿಕ್ಕಿಕೊಂಡ ಕೂದಲು,
ಬಾಣಂತಿಯ ಮನೆಯ ದುಪ್ಪಟಿಯಷ್ಟು ಮೆತ್ತಗೆ.
ತಾಯಿಯ ಬೆನ್ನ ಮೇಲೆ ಕೂತು ಹೋದವರಿಗೆ
ಹೆಜ್ಜೆ ಇರುವುದಿಲ್ಲ.
ಒಂದನ್ನು ಹೊಡೆದು ಎರಡು ಮಾಡಿದೆ.

ಅವನು ಅಪ್ಪನ ಚೀಲ ಬಿಚ್ಚಿ ಚಿಟಿಕೆ ತೂರಿದ.
ಅರಿಶಿನ ತಿರುಗಿ ನಮ್ಮ ಮೇಲೇ ಬಂತು,
ಅವನ ಮೀಸೆಗೆ, ನನ್ನ ಫಾರಮ್ಮಿಗೆ.
ಅಂದರೆ ಅದು ಮುಂದಿದೆ. ನಾವಿರುವುದು ಅದಕ್ಕೆ ಗೊತ್ತಿಲ್ಲ.
ಝಿಲು ಕೊಡಲಿಯ ಹಿಂಬದಿಯಿಂದ
ಸಾಗವಾನಿಯ ಬೊಡ್ಡೆಗೆ ಮೂರು ಸಲ ಬಡಿದ,
ನೆಂಟರ ಮನೆಯ ಕದ ಬಡಿದ ಹಾಗೆ.
ಆಚೆ ದಂಡೆಯ ಪೊದೆ ಒಮ್ಮೆ ಅಲುಗಿ ಸುಮ್ಮನಾಯಿತು.

"ಇದೇನಪಾ ಹಳದಿ ಕಲಿ?" ಅಂದರು ಫಾರೆಸ್ಟರು ಸಂಜೆ.
"ಪಲ್ಯದ್ದು, ಸರ್" ಅಂದೆ.