ಷರಾ ಕಾಲಮ್ಮು

ಅಳತೆ ಪುಸ್ತಕ, ಟೇಪು, ಒಂದು ತುಂಡು ಸೀಮೆಸುಣ್ಣ,
ಟೇಪಿನ ಆ ತುದಿ ಹಿಡಿಯಲು ಗುತ್ತಿಗೆದಾರ ಕಳಿಸಿದ ಹುಡುಗ ಮಸ್ತಾನ.
ಕಾಗೆಬಂಡೆ ಸ್ಟೇಷನ್ ಕೆಡವಿದರೆ
ಎಷ್ಟು ಕಲ್ಲು, ಎಷ್ಟು ಸಾಗುವಾನಿ, ಎಷ್ಟು ಕಬ್ಬಿಣ
ಸಂಜೆಯೊಳಗೆ ಬರೆದು ಕೊಡಬೇಕು.

ಮೀಟರಿನಲ್ಲಿ ಇಲ್ಲಿ ಯಾವುದೂ ಪೂರ್ತಿ ಸಂಖ್ಯೆಗೆ ಬಾರದು.
ಟೇಪು ಮಗುಚಿ ಅಡಿಗೆ ಬಂದೆ.
ಉದ್ದ ನಲವತ್ತೆರಡು, ಅಗಲ ಹದಿನೆಂಟು,
ಗೋಡೆಯ ದಪ್ಪ ಎರಡೂಕಾಲು.
ಇಷ್ಟು ಸಣ್ಣ ಕಟ್ಟಡಕ್ಕೆ ಇಷ್ಟು ದಪ್ಪ ಗೋಡೆ ಯಾಕೆ ಸಾರ್,
ಮಸ್ತಾನ ಕೇಳಿದ. ಒಳಗೆ ಹೋಗಿ ನಿಂತೆವು.
ಏಪ್ರಿಲ್ಲಿನ ಮಧ್ಯಾಹ್ನ ಹೊಸಿಲಾಚೆಯೇ ಉಳಿಯಿತು.

ಕಟ್ಟಿದವರು ಜಿಪುಣರು, ಜಾಣರು.
ಸವೆದ ಹಳಿಯನ್ನೇ ನೆಟ್ಟು ಕಂಬ ಮಾಡಿದ್ದಾರೆ,
ಸವೆದ ಹಳಿಯನ್ನೇ ಅಡ್ಡ ಮಲಗಿಸಿ ತೊಲೆ.
ಒಂದರ ಪಕ್ಕೆಯಲ್ಲಿ ಉಬ್ಬಿದ ಇಸವಿ:
ಮೂರಂಕಿ ತುಕ್ಕು ತಿಂದು, ಏಳು ಉಳಿದಿದೆ.
ಗಾಡಿಯ ಭಾರ ಹೊತ್ತು ಸಾಕಾದ ಕಬ್ಬಿಣ
ಪಿಂಚಣಿಯ ಕಾಲಕ್ಕೆ ಮಂಗಳೂರು ಹೆಂಚು ಹೊತ್ತಿದೆ.
ಸೂರಿನಂಚಿಗೆ ಹಲ್ಲು ಕೊರೆದ ಸಾಗುವಾನಿ ಪಟ್ಟಿ,
ಹನ್ನೊಂದು ಹಲ್ಲು ಉದುರಿವೆ. ಇದನ್ನು ಲೆಕ್ಕದಲ್ಲಿ ಕಳೆಯಬೇಕು.

ಟಿಕೆಟ್ ಕಿಂಡಿ: ಒಂಬತ್ತಂಗುಲಕ್ಕೆ ಹನ್ನೆರಡು, ಮೇಲೆ ಕಮಾನು.
ಕೆಳಗಿನ ಕಲ್ಲನ್ನು ಬೆರಳುಗಳು ದೋಣಿ ಮಾಡಿವೆ.
ದುರ್ಗಕ್ಕೆ ಒಂದು, ಜಾಜೂರಿಗೆ ಎರಡೂವರೆ,
ಕೂಸಿಗೆ ಟಿಕೆಟ್ ಯಾಕೆ ಸ್ವಾಮಿ, ಇನ್ನೂ ಮೊಲೆ ಬಿಟ್ಟಿಲ್ಲ.
ಆಳ ಮುಕ್ಕಾಲಂಗುಲ.

ಹಿಂದಿನ ಜಗಲಿಯಲ್ಲಿ ಹರವಿ ಕೂರಲು
ಕಲ್ಲಿನಲ್ಲಿ ಕಡೆದ ಎರಡು ತಗ್ಗು.
ಮೇಲೆ ಸುಣ್ಣದಡಿಯಿಂದ ಬಣ್ಣದ ಅಕ್ಷರ ಇನ್ನೂ ಇಣುಕುತ್ತದೆ,
ಈ ನೀರು ಇವರದು, ಆ ನೀರು ಅವರದು.
ಮೂರನೆಯ ತಗ್ಗಿಲ್ಲ.
ನಮ್ಮಜ್ಜಿ ಈ ಲೈನಿನಲ್ಲಿ ಓಡಾಡಿದವಳು.
ಬೊಗಸೆಯನ್ನು ಎಷ್ಟು ಕೆಳಗೆ ಹಿಡಿದಿದ್ದಾಳು ಎಂದು
ಟೇಪು ಇಳಿಬಿಟ್ಟು ನೋಡಿದೆ.
ಬರೆದುಕೊಳ್ಳಲಿಲ್ಲ.

ವೇಟಿಂಗ್ ರೂಮಿನಲ್ಲಿ ಬೋರಕ್ಕನ ಆಡು, ಹದಿನಾಲ್ಕು.
ಪಾಯಿಂಟ್ಸ್‌ಮನ್ ಪಾಲಯ್ಯನ ಮಗಳು ಈಕೆ.
ಹಳಿ ಅಗಲ ಮಾಡುವಾಗ ತಿರುವನ್ನೂ ನೆಟ್ಟಗೆ ಮಾಡಿದರಂತೆ,
ಲೈನು ಮುಕ್ಕಾಲು ಮೈಲಿ ಆಚೆ ಸರಿಯಿತು.
ಸ್ಟೇಷನ್ನಿಗೆ ಯಾರೂ ಹೇಳಲಿಲ್ಲ.
"ಹೊಸ ಗಾಡಿ ಕೇಳ್ತೈತೆ, ಕಾಣಂಗಿಲ್ಲ" ಎಂದಳು,
ಗುಡ್ಡದ ಗಾಳಿಯಂತ್ರಗಳಿಗೆ ಬೆನ್ನು ಮಾಡಿ.

ಕೆಡವೋಕೆ ಬಂದ್ಯಾ ಎಂದು ಕೇಳಲಿಲ್ಲ.
ಒಳಹೊಕ್ಕು, ಸೆರಗಿನಲ್ಲಿ ಒಂದು ಕಬ್ಬಿಣದ ಗುಂಡು ತಂದು
ನನ್ನ ಪುಸ್ತಕದ ಮೇಲಿಟ್ಟಳು. ಹಾಳೆ ಹಾರುವುದು ನಿಂತಿತು.
ಬೆಳ್ಳುಳ್ಳಿ ಜಜ್ಜಿ ಜಜ್ಜಿ ಒಂದು ಮಗ್ಗುಲು ನುಣುಪು,
ಇನ್ನೊಂದರಲ್ಲಿ ಎರಡು ಊರಿನ ಹೆಸರು, ನಡುವೆ ಗೆರೆ.

"ಇದು ಡ್ರೈವರನ ಕೈಲಿದ್ರೆ ಲೈನು ಅವನದು.
ಆಚೆ ಸ್ಟೇಷನ್ ಮುಟ್ಟಿ ಪೆಟ್ಟಿಗೇಲಿ ಬೀಳೋತನಕ
ಇನ್ನೊಂದು ಗಾಡಿ ಬಿಡಂಗಿಲ್ಲ, ಅಪ್ಪ ಹೇಳ್ತಿದ್ದ.
ಕೊನೇ ದಿನ ಪೆಟ್ಟಿಗೆ ಬಿಚ್ಚಿ ಲಾರಿಗೆ ಹಾಕಿದ್ರು.
ಗುಂಡು ಅಪ್ಪನ ಜೇಬಲ್ಲೇ ಉಳೀತು."
ಆಮೇಲೆ, ಮರಿಯ ಕಿವಿಯಿಂದ ಉಣ್ಣೆ ಕೀಳುತ್ತಾ,
"ಅಂದ್ರೆ ಲೆಕ್ಕದ ಪ್ರಕಾರ
ಒಂದು ಗಾಡಿ ಇನ್ನೂ ದಾರೀಲೈತೆ."

ಮಸ್ತಾನ ನಕ್ಕ. ನಾನೂ ನಕ್ಕೆ.
ಆದರೂ ಪ್ಲಾಟ್‌ಫಾರಮ್ಮಿನ ಎತ್ತರ ಹಿಡಿಯಲು
ಹಳಿಯಿದ್ದ ಜಾಗಕ್ಕೆ, ತಂಗಡಿ ಗಿಡಗಳ ನಡುವೆ ಇಳಿದವನು
ಒಮ್ಮೆ ದುರ್ಗದ ಕಡೆ, ಒಮ್ಮೆ ಜಾಜೂರಿನ ಕಡೆ ನೋಡಿಯೇ
ಟೇಪು ಎಳೆದೆ.

ಕಬ್ಬಿಣ: ಕಂಬ ಆರು, ತೊಲೆ ನಾಲ್ಕು.
ಗುಂಡು ಸೇರಿಸಿಲ್ಲ.
ಷರಾ ಕಾಲಮ್ಮಿನಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ.
ಇಂಜಿನಿಯರು ಕೇಳಿದರೆ
ಆಡು ಪೆನ್ನಿಗೆ ತಾಗಿತು ಅನ್ನುತ್ತೇನೆ.