ಮೂರನೇ ಸಲ

ಪೊನ್ನಾನಿ ಬಂದರಿನಲ್ಲಿ ಮೀನು ಹರಾಜು ಕೂಗುವ
ಬೀರಾನ್‌ಕುಟ್ಟಿಯವರ ಎದೆಯಲ್ಲಿ ಕಫ ಕೂತು ಮೂರು ವರ್ಷ.
ತೃತ್ತಾಲದ ನಮ್ಮ ವೈದ್ಯಶಾಲೆಗೆ ಬಂದ ದಿನ
ಉಸಿರಿಗೆ ತುಕ್ಕು ಹಿಡಿದ ರಾಟೆಯ ಸದ್ದಿತ್ತು.
ಆದರೂ ಬಾಗಿಲಲ್ಲೇ ಕೇಳಿದರು, ಓಣಿಗೆಲ್ಲ ಕೇಳುವಂತೆ:
'ಎಷ್ಟಕ್ಕೆ ತೆಗೀತೀರಿ ಇದನ್ನ?'

ನಾನಿಲ್ಲಿ ಎಣ್ಣೆ ಹಚ್ಚುವವ, ಬೆನ್ನು ನೀವುವವ,
ಬೇಸಿನ್ ಹಿಡಿಯುವವ. ವೇಲಾಯುಧನ್ ಅನ್ನುತ್ತಾರೆ.
ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಜನರ ಒಳಗನ್ನು
ಅವರಿಗಿಂತ ಮೊದಲು ನಾನು ನೋಡಿದ್ದೇನೆ.

ಬೆಳಗಿನ ಜಾವ ತುಪ್ಪ ಕುಡಿಸಿದೆವು,
ಮೊದಲ ದಿನ ಒಂದು ಮುಕ್ಕುಳಿ, ಆರನೇ ದಿನಕ್ಕೆ ಲೋಟ ತುಂಬ.
ಕಹಿ ತುಪ್ಪ. ಮೂಗು ಹಿಡಿದು, ಬಿಸ್ಮಿಲ್ಲಾ ಅಂದು, ಒಂದೇ ಗುಟುಕು.
ಐದನೇ ದಿನ ಕಾಲಿನ ಜಿಡ್ಡಿಗೆ ಚಪ್ಪಲಿ ಜಾರಿತು.
'ಬಂಗುಡೆ ಆಗಿಬಿಟ್ಟೆ ನೋಡು' ಎಂದು ಮೊಣಕೈ ತೋರಿಸಿದರು,
'ನಾಳೆಯ ಬೋಣಿ ನನ್ನಿಂದಲೇ ಮಾಡಬಹುದು.'

ಹಿಂದಿನ ರಾತ್ರಿ ಮೊಸರು, ಉದ್ದಿನ ವಡೆ, ಬೆಲ್ಲ:
ಹೊರಡಬೇಕಾದ ಕಫಕ್ಕೆ ಬೀಳ್ಕೊಡುಗೆಯ ಊಟ.
ಕಳ್ಳನನ್ನು ಹೊಟ್ಟೆ ತುಂಬ ಉಣಿಸಿ ಆಮೇಲೆ ಹಿಡಿಯುವ
ಈ ಶಾಸ್ತ್ರ ನನಗೆ ಮೊದಲಿಂದಲೂ ಇಷ್ಟ.

ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ
ಮೊಣಕಾಲೆತ್ತರದ ಕುರ್ಚಿ. ಹಾಲು. ಸಾಕೆಂದ ಮೇಲೂ ಹಾಲು.
ಕಾರೆಕಾಯಿ ಪುಡಿ, ಬಜೆ, ಸೈಂಧವ, ಜೇನು ಕಲಸಿದ ಉಂಡೆ.
ಜ್ಯೇಷ್ಠಮಧುವಿನ ಕಷಾಯ, ಚೊಂಬಿನ ಮೇಲೆ ಚೊಂಬು.
ಡಾಕ್ಟರ್ ಉಮಾದೇವಿ ನಾಡಿ ಹಿಡಿದು ಗಡಿಯಾರ ನೋಡುತ್ತಿದ್ದರು.
ನಾನು ಒಂದು ಕೈಯಲ್ಲಿ ಹಣೆ ಹಿಡಿದು
ಇನ್ನೊಂದರಲ್ಲಿ ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ನೀವುತ್ತಿದ್ದೆ,
ದಿನದ ನನ್ನ ಕೆಲಸಕ್ಕೆಲ್ಲ ಉಲ್ಟಾ.
ವೇಗಕ್ಕೊಂದರಂತೆ ಕರಟಕ್ಕೆ ಹುಣಸೆ ಬೀಜ ಹಾಕಲು
ಹುಡುಗ ಸಜೀಶ ನಿಂತಿದ್ದ.

ಟಕ್.
ಆ ಸದ್ದಿಗೆ ಅವರ ಬಾಯಿ ತಾನಾಗಿ ಕೂಗಿತು:
'ಒಂದು ಸಲ!'
ಟಕ್.
'ಎರಡು ಸಲ!'
ನಾವು ನಕ್ಕೆವು. ಅವರೂ ನಕ್ಕರು,
ಕಣ್ಣು ಮೂಗು ಒಟ್ಟಿಗೆ ಸೋರುತ್ತ.

ಮೂರನೆಯದು ಬಂತು. ಅವರು ಕೂಗಲಿಲ್ಲ.
ನಾಲ್ಕು. ಐದು. ದಾರ ದಾರವಾಗಿ, ಹರಿದ ಬಲೆಯ ಹಾಗೆ.
ಆರು.
ಏಳಕ್ಕೆ ಪಿತ್ತ, ಹಳದಿ. ಆ ಕಹಿಗೆ ಕಣ್ಣು ಮುಚ್ಚಿ
ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು, ಅಷ್ಟು ಸಣ್ಣ ದನಿಯಲ್ಲಿ:

'ಕುಂಞಾಮಿನಾಳ ಬುಟ್ಟಿ. ಗಂಡ ಕಡಲಿಂದ ಬಾರದ ವರ್ಷ.
ಇನ್ನೂರಕ್ಕೆ ಒಬ್ಬ ಕೈ ಎತ್ತುತ್ತಿದ್ದ, ನೋಡಿದೆ.
ನೋಡಿಯೂ ನೂರಾ ಹತ್ತಕ್ಕೆ ಮೂರನೇ ಸಲ ಅಂದುಬಿಟ್ಟೆ.
ಕೊಂಡವನು ನನ್ನ ಭಾವ.
ತೊಂಬತ್ತು ರೂಪಾಯಿ, ವೇಲಾಯುಧಾ.'

ಸಜೀಶ ಬೀಜ ಹಿಡಿದು ನನ್ನ ಮುಖ ನೋಡಿದ.

ಡಾಕ್ಟರ್ ಅಳೆದರು. ಬಂದದ್ದರಲ್ಲಿ ಕುಡಿದದ್ದು ಕಳೆದು
ಉಳಿದ ಕಫ ಒಂದೂವರೆ ಲೋಟ.
'ಎಂಟಾದರೆ ಉತ್ತಮ, ಆರಾದರೆ ಮಧ್ಯಮ.
ಏಳು, ಪರವಾಗಿಲ್ಲ' ಎಂದು ಬರೆದುಕೊಂಡರು.
ಮೂಗಿಗೆ ಅರಿಶಿನ ಬತ್ತಿಯ ಹೊಗೆ. ಆಮೇಲೆ ಪಥ್ಯ:
ಹಗಲು ನಿದ್ದೆ ಕೂಡದು, ಎದುರುಗಾಳಿ ಕೂಡದು,
ಏಳು ದಿನ ಗಟ್ಟಿಯಾಗಿ ಮಾತಾಡಕೂಡದು.
'ಏಳು ದಿನವಾ?' ಎಂದದ್ದು ತುಟಿ ಮಾತ್ರ.

ಮಧ್ಯಾಹ್ನ ಕರಟ ತೊಳೆಯುವಾಗ ಎಣಿಸಿದೆ.
ಎಂಟು ಬೀಜ.
ಸಜೀಶನನ್ನು ನಾನೇನೂ ಕೇಳಲಿಲ್ಲ.

ಸಂಜೆ ಗಂಜಿ, ಅನ್ನದ ನೆನಪಷ್ಟೇ ಇರುವ ನೀರು.
ಫೋನು ಬಂತು. ದೋಣಿಗಳು ದಡ ಸೇರಿದ್ದವು.
ಆ ಬದಿಯಲ್ಲಿ ಯಾವನೋ ಹುಡುಗ ಕೂಗುತ್ತಿದ್ದ,
ಎಳೆಯ ಗಂಟಲು, ಅವಸರ.
ಬೀರಾನ್‌ಕುಟ್ಟಿ ಚಮಚವನ್ನು ಗಂಜಿಯಲ್ಲೇ ಬಿಟ್ಟು
ಫೋನನ್ನು ಕಿವಿಗೆ ಒತ್ತಿಕೊಂಡರು.
ಒಂದು ಸಲ.
ಎರಡು ಸಲ.
ಅವರ ಎಡಗೈ ಗಾಳಿಯಲ್ಲಿ ಎದ್ದಿತ್ತು, ಹಸ್ತ ಪೂರಾ ಬಿಚ್ಚಿ,
ಪೊನ್ನಾನಿಗೆ ಕಾಣುವಂತೆ:
ತಡಿ, ತಡಿ.